ಪದ ಬೇಕು: ಫಾಸಿಲ್, ಮೋಲ್ಡ್, ಕಾಸ್ಟ್ (ಬೋರ್ಡಿಗೆ, ನಾಳೆಯೊಳಗೆ)

ಕಾರವಾರದಿಂದ:
ಮಕ್ಕಳ ಪ್ರದರ್ಶನದ ಬೋರ್ಡು ನಾಳೆ ಪೇಂಟರ್ ಕೈಗೆ ಹೋಗಬೇಕು. ಫಾಸಿಲ್‌ಗೆ 'ಪಳೆಯುಳಿಕೆ' ಎಂದಿಟ್ಟಿದ್ದೇನೆ. ಪಕ್ಕದ ಮೇಜಿನವರು ಕೋಟೆಯ ಪಾಳುಗೋಡೆಗೂ ಅದನ್ನೇ ಬರೆಸಿದ್ದಾರೆ. 'ಜೀವಾಶ್ಮ' ಆದೀತೇ? ಮೋಲ್ಡ್, ಕಾಸ್ಟ್‌ಗೂ ಪದ ಬೇಕು.

ಶಿರಸಿಯಿಂದ:
ಜೀವಾಶ್ಮ ಬೇಡ. ಅಶ್ಮ ಅಂದರೆ ಕಲ್ಲು. ಸೈಬೀರಿಯದ ಹಿಮದಲ್ಲಿ ಸಿಕ್ಕ ಹಳೇ ಕಾಲದ ಆನೆ ಮ್ಯಾಮತ್‌ಗೆ ಚರ್ಮ, ಕೂದಲು ಹಾಗೇ ಇವೆ, ಕಲ್ಲಾಗಿಲ್ಲ; ಅದೂ ಫಾಸಿಲ್ಲೇ. 'ಜೀವಾವಶೇಷ'ವೂ ಅರ್ಧವೇ, ಡೈನೊಸಾರ್ ಹೆಜ್ಜೆಯೂ ಫಾಸಿಲ್, ಅದರಲ್ಲಿ ದೇಹದ ಚೂರೂ ಇಲ್ಲ. ಕೋಟೆಯವರಿಗೆ 'ಅವಶೇಷ' ಎಂದು ತಿದ್ದಿಸಿ.
ಮೋಲ್ಡ್ 'ಅಚ್ಚು', ಕಾಸ್ಟ್ 'ಎರಕ'. ಕೆಸರಿನಲ್ಲಿ ಹೂತ ಚಿಪ್ಪು ಕರಗಿ ಹೋದ ಮೇಲೆ ಗಟ್ಟಿಯಾದ ಕೆಸರಿನಲ್ಲಿ ಉಳಿಯುವ ಪೊಳ್ಳು ಅಚ್ಚು; ಆ ಪೊಳ್ಳಿನಲ್ಲಿ ಖನಿಜ ತುಂಬಿಕೊಂಡರೆ ಎರಕ. ದೇವರ ಪೆಟ್ಟಿಗೆಯ ಸಾಲಿಗ್ರಾಮ ತೋರಿಸಿ: ಗಂಡಕಿ ನದಿಯ ಕಲ್ಲಿನಲ್ಲಿರುವ ಚಕ್ರ ಅಮೊನೈಟ್ ಚಿಪ್ಪಿನ ಅಚ್ಚು. ಅಮೊನೈಟ್ ನಮ್ಮ ಬೊಂಡಾಸಿನ (ಸ್ಕ್ವಿಡ್) ದೂರದ ದಾಯಾದಿ, ಸುಮಾರು 6.6 ಕೋಟಿ ವರ್ಷದ ಹಿಂದೆ ನಿರ್ವಂಶವಾಯಿತು.

ಕುಮಟಾದಿಂದ:
'ಪಳೆಯುಳಿಕೆ'ಯೇ ಎಡಬಿಡಂಗಿ. ಪೞೆ ಹಳೆ ಆಗುವಾಗ ಪಕಾರ ಹಕಾರವಾಯಿತು, ಹಳಗನ್ನಡದ ಅಕ್ಷರ ೞ ಹೋಗಿ ಳ ಬಂತು. ಇಲ್ಲಿ ಪ ಹಳಗನ್ನಡದ್ದು, ಳ ಆಮೇಲಿನದ್ದು. 'ಪೞೆಯುಳಿಕೆ' ಅನ್ನಿ, ಇಲ್ಲವೇ 'ಹಳೆಯುಳಿಕೆ'. ಮೂರನೆಯದು ತಪ್ಪು.

ಶಿರಸಿಯಿಂದ:
ೞ ಬರೆಯುವ ಪೇಂಟರ್ ಸಿಕ್ಕರೆ ವಿಳಾಸ ಕಳಿಸಿ. ಹಳೆಯುಳಿಕೆ ಅಂದರೆ ನಿನ್ನೆಯ ಸಾರು ಅಂದುಕೊಂಡಾರು.

ಹೊನ್ನಾವರದಿಂದ:
ಫಾಸಿಲ್ ಎಂದೇ ಬರೆಯಿರಿ ಮಾರಾಯ್ರೆ. ಲ್ಯಾಟಿನ್ನಿನಲ್ಲಿ ಅದಕ್ಕೆ 'ಅಗೆದು ತೆಗೆದದ್ದು' ಎಂದಷ್ಟೇ ಅರ್ಥ. ಹಿಂದೆ ಅಗೆದ ಅದಿರಿಗೂ ಅದೇ ಹೆಸರಿತ್ತು. ಬಳಸುತ್ತ ಅರ್ಥ ಕಿರಿದಾಯಿತು. ನಮ್ಮ ಪದಕ್ಕೂ ಹಾಗೇ ಆಗಲಿ ಬಿಡಿ.
ಮೇಜಿನ ಮೇಲೆ ಮಾಡಿ ತೋರಿಸುವುದಾದರೆ: ಬಳಚಿನ ಚಿಪ್ಪಿಗೆ ಕೊಬ್ಬರಿ ಎಣ್ಣೆ ಸವರಿ ಜೇಡಿಮಣ್ಣಿಗೆ ಒತ್ತಿ ತೆಗೆಯಿರಿ. ಎಣ್ಣೆ ಮರೆತರೆ ಗೀರು ಗೀರಾಗಿ ಮಣ್ಣು ಕಿತ್ತು ಬರ್ತದೆ. ಎರಡು ಲೋಟ ಪ್ಲಾಸ್ಟರ್ ಆಫ್ ಪ್ಯಾರಿಸ್‌ಗೆ ಒಂದು ಲೋಟ ನೀರು. ಪುಡಿಯನ್ನು ನೀರಿಗೆ ಉದುರಿಸಿ, ನೀರನ್ನು ಪುಡಿಗೆ ಹೊಯ್ದರೆ ಗಂಟು ಕಟ್ಟುತ್ತದೆ. ಕಲಸಿ ಆ ಅಚ್ಚಿಗೆ ಹೊಯ್ದ ಮೇಲೆ ಮೇಜು ತಟ್ಟಿ, ಗುಳ್ಳೆ ಮೇಲೆ ಬರಲಿ. ಅರ್ಧ ತಾಸು ಮುಟ್ಟಬೇಡಿ. ಉಳಿದದ್ದನ್ನು ಸಿಂಕಿಗೆ ಸುರಿದರೆ ಪೈಪಿನೊಳಗೇ ಎರಕ.

ಕುಮಟಾದಿಂದ:
'ಫಾಸಿಲ್' ಎನ್ನುವವರಿಗೆ 'ಎರಕ' ಯಾಕೆ ಬೇಕಾಯಿತು? ಕಾಸ್ಟ್ ಎಂದೇ ಬರೆಸಿ, ಮಕ್ಕಳು ಜಾತಿ ಅಂದುಕೊಳ್ಳಲಿ.

ಕಾರವಾರದಿಂದ:
ಪಳೆಯುಳಿಕೆ, ಅಚ್ಚು, ಎರಕ. ಪೇಂಟರಿಗೆ ಕಳಿಸಿಯಾಯ್ತು. ಸಾಲಿಗ್ರಾಮ ಯಾರೂ ಕೊಡಲೊಪ್ಪಲಿಲ್ಲ, ಫೋಟೊ ಹಾಕ್ತೇವೆ.