ಗೇರುಬೀಜದವರ ಸಂಘಕ್ಕೆ ಸೇರಲೋ, ಚೇಂಬರ್‌ಗೆ ಸೇರಲೋ?

ಪ್ರಶ್ನೆ: ಸರ್, ಕಾರ್ಕಳದ ಹತ್ತಿರ ನಮ್ಮದೊಂದು ಸಣ್ಣ ಗೇರುಬೀಜ ಕಾರ್ಖಾನೆ ಇದೆ. ಇಷ್ಟು ದಿನ ಬೆಂಗಳೂರು, ಮುಂಬೈಗೆ ಮಾತ್ರ ಮಾಲು ಕಳಿಸುತ್ತಿದ್ದೆವು. ಈಗ ಮೊದಲ ಸಲ ದುಬೈಯಿಂದ ಆರ್ಡರ್ ಬಂದಿದೆ. ಒಬ್ಬರು ಗೇರುಬೀಜ ತಯಾರಕರ ಸಂಘಕ್ಕೆ ಸೇರಿ ಅನ್ನುತ್ತಾರೆ, ಇನ್ನೊಬ್ಬರು ಮಂಗಳೂರಿನ ಚೇಂಬರ್ (ವಾಣಿಜ್ಯ ಮಂಡಳಿ) ಸದಸ್ಯರಾಗಿ ಅನ್ನುತ್ತಾರೆ. ಎರಡೂ ಒಂದೇ ಅಲ್ವಾ? ಎರಡು ಕಡೆ ಯಾಕೆ ದುಡ್ಡು ಕಟ್ಟಬೇಕು?

ಉತ್ತರ (ರಫ್ತು ಕಾಗದಪತ್ರಗಳ ಸಲಹೆಗಾರ): ಒಂದೇ ಅಲ್ಲ ಮೇಡಂ. ಸಂಘದ ಸಭೆಯಲ್ಲಿ ನಿಮ್ಮ ಪಕ್ಕ ಕೂರುವವರೆಲ್ಲ ಗೇರುಬೀಜದವರೇ. ಆಫ್ರಿಕಾದ ಕಚ್ಚಾ ಬೀಜಕ್ಕೆ ಈಗ ಏನು ರೇಟು, ಈ ಸಲದ ಬೀಜದಲ್ಲಿ ತಿರುಳು ಎಷ್ಟು ಸಿಕ್ಕಿತು, ಸಿಪ್ಪೆ ಯಾರು ಕೊಳ್ಳುತ್ತಾರೆ, ಅಲ್ಲಿ ಇದೇ ಮಾತು. 2018ರ ಬಜೆಟ್‌ನಲ್ಲಿ ಕಚ್ಚಾ ಬೀಜದ ಆಮದು ಸುಂಕ ಶೇ 5ರಿಂದ ಶೇ 2.5ಕ್ಕೆ ಇಳಿಯಿತಲ್ಲ, ಅಂಥ ವಿಷಯ ಹಿಡಿದು ದೆಹಲಿಗೆ ಓಡಾಡುವುದು ಈ ಕಸುಬಿನ ಸಂಘಗಳ ಕೆಲಸ. ಮೀನು ರಫ್ತು ಮಾಡುವವರಿಗೆ ಆ ಸುಂಕದಿಂದ ಆಗಬೇಕಾದ್ದೇನೂ ಇಲ್ಲ.

ಚೇಂಬರ್‌ನಲ್ಲಿ ಆ ಮೀನಿನವರೂ ಇರುತ್ತಾರೆ, ಹೋಟೆಲಿನವರೂ ಇರುತ್ತಾರೆ, ನೀವೂ ಇರಬಹುದು. ಅದು ಊರಿನ ವ್ಯಾಪಾರದ್ದು, ಒಂದು ಮಾಲಿನದ್ದಲ್ಲ. ಮಂಗಳೂರಿನ ಕೆನರಾ ಚೇಂಬರ್ 1940ರಿಂದ ಇದೆ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಲಾರಿಗಳು ನಿಂತರೆ ನಷ್ಟ ಎಲ್ಲರದ್ದು. ರಸ್ತೆ, ಬಂದರು, ಕರೆಂಟು, ಇವುಗಳಿಗೆ ಚೇಂಬರ್ ಮಾತಾಡಿದರೆ ಜಾಸ್ತಿ ತೂಕ.

ನಿಮ್ಮ ಕಾರ್ಖಾನೆ ನೋಡಿದರೆ ಸಂಘಕ್ಕೆ ಮೊದಲು ಸೇರಿ ಅನ್ನುತ್ತೇನೆ. ಬೀಜ ಕೊಳ್ಳುವಾಗ ಒಂದು ಸಲ ಮೋಸ ಹೋದರೆ ಹತ್ತು ವರ್ಷದ ಚಂದಾಕ್ಕಿಂತ ಜಾಸ್ತಿ ಹೋಗುತ್ತದೆ. ಅದನ್ನು ತಪ್ಪಿಸುವ ತಿಳಿವಳಿಕೆ ಅಲ್ಲಿದೆ.

ಪ್ರಶ್ನೆ: ದುಬೈಯವರು ‘ಸರ್ಟಿಫಿಕೇಟ್ ಆಫ್ ಒರಿಜಿನ್’ ಕೇಳಿದ್ದಾರೆ. ಅದಕ್ಕೆ ಚೇಂಬರ್ ಸದಸ್ಯರಾಗಲೇಬೇಕಾ?

ಉತ್ತರ: ಬೇಕಿಲ್ಲ. ಮಾಲು ಭಾರತದ್ದೇ ಎಂದು ಹೇಳುವ ಸಾದಾ ಪ್ರಮಾಣಪತ್ರವನ್ನು ಸರ್ಕಾರದ ಪಟ್ಟಿಯಲ್ಲಿರುವ ಚೇಂಬರ್‌ಗಳು ಸಾಮಾನ್ಯವಾಗಿ ಸದಸ್ಯರಲ್ಲದವರಿಗೂ ಕೊಡುತ್ತವೆ, ಶುಲ್ಕ ಸ್ವಲ್ಪ ಜಾಸ್ತಿ. ಅರ್ಜಿ ಈಗ ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಪೋರ್ಟಲ್‌ನಲ್ಲಿ. ವರ್ಷಕ್ಕೆ ಏಳೆಂಟು ಸಲ ಮಾಲು ಹೋಗುವಂತಾದರೆ ಸದಸ್ಯತ್ವ ತೆಗೆದುಕೊಳ್ಳಿ.

ಒಂದು ಮಾತು ಮರೀಬೇಡಿ. ಯುಎಇ ಜೊತೆಗಿನ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಅದರ ಸುಂಕ ರಿಯಾಯಿತಿ ಬೇಕೆಂದರೆ ಈ ಸಾದಾ ಪತ್ರ ನಡೆಯುವುದಿಲ್ಲ. ಆ ಒಪ್ಪಂದದ ಪ್ರಮಾಣಪತ್ರವೇ ಬೇರೆ, ಕೊಡಲು ನೇಮಕವಾದ ಸಂಸ್ಥೆಗಳ ಪಟ್ಟಿಯೂ ಬೇರೆ. ಬೀಜ ಆಫ್ರಿಕಾದ್ದಾದರೆ ಆ ಒಪ್ಪಂದದ ನಿಯಮವನ್ನೂ ನೋಡಬೇಕು. ಯಾವುದು ಬೇಕು ಅಂತ ದುಬೈಯವರನ್ನೇ ಮೊದಲು ಕೇಳಿ.

ಇನ್ನೊಬ್ಬರ ಪ್ರಶ್ನೆ: ಸಂಘದಲ್ಲಿ ಎಲ್ಲರೂ ಕೂತು ತಿರುಳಿಗೆ ಒಂದೇ ರೇಟು ಅಂತ ಮಾಡಿದರೆ ಒಳ್ಳೆಯದಲ್ವಾ ಸರ್?

ಉತ್ತರ: ದಯವಿಟ್ಟು ಬೇಡ. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಅದು ತಪ್ಪು. ಸಂಘದ ಹೆಸರಲ್ಲಿ ಮಾಡಿದರೂ ದಂಡ ಬೀಳುತ್ತದೆ. ಒಂದೇ ಮಾಲಿನವರು ಸೇರುವ ಕಡೆ ಈ ಅಪಾಯ ಜಾಸ್ತಿ. ಸರ್ಕಾರಕ್ಕೆ ಮನವಿ ಕೊಡಿ, ಗುಣಮಟ್ಟದ ಬಗ್ಗೆ ಮಾತಾಡಿ, ರೇಟು ಮಾತ್ರ ಅವರವರದು.

ಪ್ರಶ್ನೆ: ಬೆಂಗಳೂರಿನ ಎಫ್‌ಕೆಸಿಸಿಐ, ಕಾಸಿಯಾ ಯಾವ ಗುಂಪಿಗೆ ಬರುತ್ತವೆ?

ಉತ್ತರ: ಎಫ್‌ಕೆಸಿಸಿಐ ಚೇಂಬರ್. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ಚೇಂಬರ್ ಆಗಿ ಶುರುವಾಯಿತು. ಈಗ ರಾಜ್ಯಮಟ್ಟದ ಒಕ್ಕೂಟ. ಜಿಲ್ಲೆಯ ಚೇಂಬರ್‌ಗಳು, ಕಸುಬಿನ ಸಂಘಗಳು ಕೂಡ ಅದರೊಳಗೆ ಸೇರುತ್ತವೆ. 1949ರ ಕಾಸಿಯಾ ಸಣ್ಣ ಕೈಗಾರಿಕೆಗಳದ್ದು. ಮಾಲು ಯಾವುದೇ ಇರಲಿ, ಘಟಕ ಸಣ್ಣದಿರಬೇಕು. ಎರಡೂ ಸರ್ಕಾರಿ ಕಚೇರಿಗಳಲ್ಲ. ಜರ್ಮನಿಯಲ್ಲಾದರೆ ಚೇಂಬರ್ ಸದಸ್ಯತ್ವ ಕಾನೂನಿನಲ್ಲೇ ಕಡ್ಡಾಯ, ನಮ್ಮಲ್ಲಿ ಇಷ್ಟ ಇದ್ದರೆ ಮಾತ್ರ.

ಮೊದಲ ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಸರ್. ಪ್ರಮಾಣಪತ್ರದ ಅರ್ಜಿಗೆ ಏನೇನು ಸಿದ್ಧ ಮಾಡಿಕೊಳ್ಳಲಿ?

ಉತ್ತರ: ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಐಇಸಿ (ಆಮದು-ರಫ್ತುದಾರರ ಕೋಡ್) ನಂಬರ್. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ನನ್ನ ಹತ್ತಿರ ಬಂದ ಒಬ್ಬರ ಇನ್‌ವಾಯ್ಸ್‌ನಲ್ಲಿ 700 ಕಾರ್ಟನ್, ಪ್ಯಾಕಿಂಗ್ ಲಿಸ್ಟ್‌ನಲ್ಲಿ 700 ಟಿನ್ ಅಂತ ಇತ್ತು. ಟಿನ್ನಿಗೆ 11.34 ಕೆಜಿ, ಕಾರ್ಟನ್‌ಗೆ ಎರಡು ಟಿನ್. ತೂಕದಲ್ಲಿ ಅರ್ಧಕ್ಕರ್ಧ ವ್ಯತ್ಯಾಸ! ಅರ್ಜಿ ವಾಪಸ್ ಬಂತು. ತಿದ್ದಿ ಮತ್ತೆ ಹಾಕುವಷ್ಟರಲ್ಲಿ ಆ ವಾರದ ಹಡಗು ಹೋಗಿತ್ತು.