1 ಮೀಟರ್ ಉರುಳಲು 2.39 ಸೆಕೆಂಡ್ ಸಾಕು, ನನಗೆ 2.95 ಬರ್ತಿದೆ. ಎಲ್ಲಿ ತಪ್ಪು?

ಉರುಳುಗುಂಡು: ಮೂರು ರಾತ್ರಿಯಿಂದ ಇದೇ ಗೋಳು. ಶನಿವಾರ ಮಗಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಇಳಿಜಾರಿನ ಉದ್ದ 120 ಸೆಂ.ಮೀ., ಒಂದು ತುದಿ 6 ಸೆಂ.ಮೀ. ಎತ್ತರ. 25 ಮಿ.ಮೀ. ಉಕ್ಕಿನ ಗುಂಡು. ವೇಗೋತ್ಕರ್ಷ (ವೇಗ ಏರುವ ದರ) ಜಿ ಸೈನ್ ಥೀಟಾದ, ಅಂದರೆ ಗುರುತ್ವದ 9.8ನ್ನು ಇಳಿಜಾರಿನ 6/120ರಿಂದ ಗುಣಿಸಿದಾಗ ಸಿಗುವ 0.49ರ, 5/7 ಭಾಗ; 0.35 ಬರಬೇಕು. 20 ಸಲ ಉರುಳಿಸಿದೆ, ಪ್ರತಿ ಸಲವೂ 2.95ರ ಆಸುಪಾಸು. ಪುಸ್ತಕದ ಸೂತ್ರವೇ ತಪ್ಪಾ?

ಹಳೇಗ್ಯಾರೇಜ್: ಘರ್ಷಣೆ ಸರ್, ಬೇರೇನೂ ಅಲ್ಲ. ಬೇರಿಂಗ್ ಗುಂಡಿಗೆ ಗ್ರೀಸ್ ಅಂಟಿರುತ್ತೆ. ಸೀಮೆಎಣ್ಣೆಯಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಿ.

ಉರುಳುಗುಂಡು: ತೊಳೆದೆ, ಒರೆಸಿದೆ. 2.94.

ನಾಲ್ಕುಗೇಟ್: ಬೆರಳಲ್ಲಿ ಸ್ಟಾಪ್‌ವಾಚ್ ಒತ್ತಿದರೆ ಹೀಗೇ ಆಗೋದು. ನಾನು ಬೆಂಗಳೂರಿನ ಎಸ್‌ಪಿ ರೋಡಿನಿಂದ ಐಆರ್ (ಅವಗೆಂಪು ಬೆಳಕಿನ) ಸೆನ್ಸರ್ ತಂದು ಆರ್ಡ್ವಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿದ್ದೇನೆ. ನಾಲ್ಕು ಗೇಟ್, ಮಿಲಿಸೆಕೆಂಡ್ ಲೆಕ್ಕ. ತೇಗದ ಪಟ್ಟಿ, ರಸಮಟ್ಟ ಇಟ್ಟು ಕೂರಿಸಿದ್ದು. ಫೋಟೋ ಹಾಕಲಾ?

ಉರುಳುಗುಂಡು: ಸ್ಟಾಪ್‌ವಾಚ್ ಅಲ್ಲ ಸರ್. ಫೋನಿನ ಸ್ಲೋ ಮೋಷನ್, ಸೆಕೆಂಡಿಗೆ 240 ಫ್ರೇಮ್. ಅರ್ಧ ಸೆಕೆಂಡ್ ತಪ್ಪು ಅದರಲ್ಲಿ ಬರಲ್ಲ.

ಹಳೇಗ್ಯಾರೇಜ್: ಹಾಗಾದರೆ ಘರ್ಷಣೆಯೇ. 30 ವರ್ಷ ಬೇರಿಂಗ್ ಜೊತೆ ಕೆಲಸ ಮಾಡಿದ್ದೇನೆ. ಶಕ್ತಿ ತಿನ್ನೋದು ಅದೇ. ಒಂದು ತೊಟ್ಟು ಮೆಷಿನ್ ಎಣ್ಣೆ ಹಾಕಿ ನೋಡಿ.

ಕಪ್ಪುಹಲಗೆ: ದಯವಿಟ್ಟು ಎಣ್ಣೆ ಹಾಕಬೇಡಿ! ಜಾರದೆ ಉರುಳುವಾಗ ಗುಂಡು ನೆಲಕ್ಕೆ ತಾಗಿದ ಬಿಂದು ಆ ಕ್ಷಣ ನಿಂತಿರುತ್ತದೆ. ಅಲ್ಲಿನ ಘರ್ಷಣೆ ಶಕ್ತಿ ತಿನ್ನಲ್ಲ, ಗುಂಡನ್ನು ತಿರುಗಿಸುವ ಟಾರ್ಕ್ ಕೊಡುತ್ತದೆ. ಘರ್ಷಣೆ ಇಲ್ಲದಿದ್ದರೆ ಗುಂಡು ತಿರುಗದೆ ಜಾರಿ 2.02 ಸೆಕೆಂಡಿಗೇ ಕೆಳಗೆ ಬರುತ್ತಿತ್ತು. 5/7ರಲ್ಲಿ ಆ ತಿರುಗುವ ಪಾಲು ಆಗಲೇ ಸೇರಿದೆ.

ಹಳೇಗ್ಯಾರೇಜ್: ಶಕ್ತಿ ತಿನ್ನಲ್ಲ ಅಂದರೆ ಬೇರಿಂಗ್ ಯಾಕೆ ಬಿಸಿಯಾಗುತ್ತೆ ಮೇಡಂ? ಪುಸ್ತಕ ಬೇರೆ, ಶೆಡ್ಡು ಬೇರೆ.

ಕಪ್ಪುಹಲಗೆ: ಲೋಹ ಒತ್ತಿ ಬಿಡುವಾಗ ಒಂದಿಷ್ಟು ನಷ್ಟ ಇದ್ದೇ ಇದೆ, ಒಪ್ಪುತ್ತೇನೆ. ಆದರೆ ಗಟ್ಟಿ ಉಕ್ಕಿನ ಗುಂಡಿಗೆ ಇಷ್ಟು ದೊಡ್ಡ ವ್ಯತ್ಯಾಸ ಅದರಿಂದ ಬರಲ್ಲ.

ಉರುಳುಗುಂಡು: ಜಗಳ ಬೇಡ. ಇನ್ನೊಂದು ವಿಚಿತ್ರ ಕೇಳಿ. 32 ಮಿ.ಮೀ. ಗುಂಡು ಹಾಕಿದೆ, 2.62ಕ್ಕೇ ಬಂತು! ಗಾತ್ರ ಯಾವುದಾದರೂ ಸಮಯ ಒಂದೇ ಅಂತಲ್ವಾ ಓದಿದ್ದು?

ಕಪ್ಪುಹಲಗೆ: ನಿಲ್ಲಿ. ಗುಂಡು ಯಾವುದರ ಮೇಲೆ ಉರುಳುತ್ತಿದೆ? ಅದನ್ನು ನೀವು ಹೇಳೇ ಇಲ್ಲ.

ಉರುಳುಗುಂಡು: ಅಲ್ಯುಮಿನಿಯಂ ಯು ಚಾನೆಲ್. ಗುಂಡು ಪಕ್ಕಕ್ಕೆ ಹೋಗದಿರಲಿ ಅಂತ. ಎಲ್ಲರೂ ಅದರಲ್ಲೇ ಮಾಡ್ತಾರಲ್ವಾ? ಒಳಗಲ 20 ಮಿ.ಮೀ., ಆಳ 12.

ಕಪ್ಪುಹಲಗೆ: ಸಿಕ್ಕಿತು. ನಿಮ್ಮ ಗುಂಡು ತಳ ಮುಟ್ಟುತ್ತಿಲ್ಲ, ಚಾನೆಲ್‌ನ ಎರಡು ಅಂಚಿನ ಮೇಲೆ ಕೂತಿದೆ. ತ್ರಿಜ್ಯ 12.5, ಅರ್ಧ ಅಗಲ 10. ಪೈಥಾಗೊರಸ್ ಹಾಕಿ: ಅಂಚುಗಳಿಂದ ಗುಂಡಿನ ಕೇಂದ್ರ ಬರೀ 7.5 ಮಿ.ಮೀ. ಎತ್ತರ. ಉರುಳುವ ಲೆಕ್ಕಕ್ಕೆ ಅದೇ ನಿಮ್ಮ ತ್ರಿಜ್ಯ. ಆದರೆ ತಿರುಗಬೇಕಾದ್ದು ಪೂರ್ತಿ 12.5ರ ಗುಂಡು. ಘರ್ಷಣೆಯ ಟಾರ್ಕಿಗೆ ಸಿಗುವ ತೋಳು ಚಿಕ್ಕದು, ಅಷ್ಟೇ ದೂರಕ್ಕೆ ಸುತ್ತು ಜಾಸ್ತಿ. ಚಪ್ಪಟೆ ಹಲಗೆ ಮೇಲೆ ಶಕ್ತಿಯ ಸುಮಾರು 29% ತಿರುಗುವುದಕ್ಕೆ ಹೋಗುತ್ತದೆ, ನಿಮ್ಮಲ್ಲಿ 53%. 0.49ನ್ನು 1.4ರಿಂದ (5/7 ಭಾಗ ಅಂದರೆ ಅದೇ) ಅಲ್ಲ, 2.11ರಿಂದ ಭಾಗಿಸಿ. ಆ ವೇಗೋತ್ಕರ್ಷಕ್ಕೆ 1 ಮೀಟರಿಗೆ 2.94 ಸೆಕೆಂಡ್ ಬರುತ್ತದೆ. 32ರ ಗುಂಡಿಗೆ 2.60.

ಪರೀಕ್ಷೆ ಸುಲಭ. ಗುಂಡಿಗೆ ಮಾರ್ಕರ್‌ನಲ್ಲಿ ಚುಕ್ಕಿ ಇಟ್ಟು, ವಿಡಿಯೋದಲ್ಲಿ 1 ಮೀಟರಿಗೆ ಎಷ್ಟು ಸುತ್ತು ಎಣಿಸಿ. ಚಪ್ಪಟೆಯಾದರೆ 12.7, ಅಂಚಿನ ಮೇಲಾದರೆ 21.2.

ಉರುಳುಗುಂಡು: ಮಗಳೇ ಎಣಿಸಿದಳು. 21 ಪೂರ್ತಿ, ಇನ್ನೊಂದು ಸ್ವಲ್ಪ. ಮೇಡಂ, ನಿಮ್ಮ ಕಾಲಿಗೆ ನಮಸ್ಕಾರ.

ನಾಲ್ಕುಗೇಟ್: ಹಾಗಾದರೆ ಗೆಲಿಲಿಯೊ ಲೆಕ್ಕವೂ ತಪ್ಪಬೇಕಿತ್ತಲ್ಲ? 1638ರಲ್ಲಿ ಅಚ್ಚಾದ ವಿವರಣೆಯಲ್ಲಿ ಅವನೂ ಮರದ ತೊಲೆಗೆ ತೋಡು ಕೊರೆದು, ಚರ್ಮಪತ್ರ ಅಂಟಿಸಿ, ಕಂಚಿನ ಗುಂಡು ಉರುಳಿಸಿದ್ದಾನೆ.

ಕಪ್ಪುಹಲಗೆ: ಅವನು ನೋಡಿದ್ದು ದೂರ ಮತ್ತು ಸಮಯದ ಅನುಪಾತ. ಕಾಲು ಭಾಗ ದೂರಕ್ಕೆ ಅರ್ಧ ಸಮಯ. ತೋಡು ಇದ್ದರೂ ವೇಗೋತ್ಕರ್ಷ ಒಂದೇ ಸಮ ಇರುತ್ತದಲ್ಲ, ಹಾಗಾಗಿ ಅನುಪಾತ ಕೆಡಲಿಲ್ಲ.

ಉರುಳುಗುಂಡು: ಇನ್ನೊಂದು ಹೇಳಲು ಮರೆತಿದ್ದೆ. ಚಾನೆಲ್ ಬಿಟ್ಟು ನೆಲದ ಟೈಲ್ಸಿಗೆ ಇಳಿದ ಕೂಡಲೇ ಗುಂಡು ಚಂಗನೆ ಮುಂದಕ್ಕೆ ನುಗ್ಗುತ್ತದೆ. ಯಾರೋ ಹಿಂದಿನಿಂದ ತಳ್ಳಿದ ಹಾಗೆ. ನೆಲ ಇಳಿಜಾರು ಅಂದುಕೊಂಡು ರಸಮಟ್ಟ ಇಟ್ಟೆ, ಗುಳ್ಳೆ ನಡುವೆಯೇ ನಿಂತಿತು.

ಕಪ್ಪುಹಲಗೆ: ಅಯ್ಯೋ, ಪ್ರದರ್ಶನಕ್ಕೆ ಅದನ್ನೇ ಇಡಿ! ಗುಂಡು ಬೇಕಾದ್ದಕ್ಕಿಂತ ಜೋರಾಗಿ ತಿರುಗುತ್ತಾ ಇಳಿಯುತ್ತದೆ. ಟೈಲ್ಸ್ ಮೇಲೆ ಕ್ಷಣಕಾಲ ಜಾರುತ್ತದೆ. ಆಗ ಘರ್ಷಣೆ ಮುಂದಕ್ಕೆ ತಳ್ಳುತ್ತದೆ. ನೆಲಕ್ಕೆ ತಾಗುವ ಗೆರೆಯಿಂದ ಅಳೆದರೆ ಆ ಘರ್ಷಣೆಗೆ ಟಾರ್ಕ್ ಇಲ್ಲ, ಕೋನೀಯ ಸಂವೇಗ (ತಿರುಗುವ ಚಲನೆಯ ಅಳತೆ) ಹಾಗೇ ಉಳಿಯುತ್ತದೆ. ಲೆಕ್ಕ ಹಾಕಿದರೆ ವೇಗ 1.19 ಪಟ್ಟು.

ಉರುಳುಗುಂಡು: ಈಗಷ್ಟೇ ಅಳೆದೆ. ಚಾನೆಲ್ ತುದಿಯಲ್ಲಿ ಸೆಕೆಂಡಿಗೆ 0.74 ಮೀಟರ್, ಟೈಲ್ಸ್ ಮೇಲೆ 0.87! ಮಗಳು ಚಾರ್ಟ್ ಹರಿದು ಹೊಸದಾಗಿ ಬರೆಯುತ್ತಿದ್ದಾಳೆ. ಹೋಲಿಸೋದಕ್ಕೆ ಗುಂಡು ತಳದಲ್ಲೇ ಕೂರುವಂಥ 40 ಮಿ.ಮೀ. ಚಾನೆಲ್ ಎಲ್ಲಿ ಸಿಗುತ್ತೆ?

ಹಳೇಗ್ಯಾರೇಜ್: ಕಿಟಕಿ ಮಾಡೋ ಅಲ್ಯುಮಿನಿಯಂ ಅಂಗಡಿಯಲ್ಲಿ ಕೇಳಿ ಸರ್, ತುಂಡು ಬಿದ್ದಿರುತ್ತೆ. ಮೇಡಂ, ಬೇರಿಂಗ್ ಬಿಸಿಯಾಗೋ ಮಾತು ಮುಗಿದಿಲ್ಲ. ಬೇರೆ ಚರ್ಚೆ ತೆರೆದಿದ್ದೇನೆ, ಅಲ್ಲಿಗೆ ಬನ್ನಿ.