ಮಾವ ಕಳಿಸಿದ ಫಾರ್ವರ್ಡು, ಊರಿನ ಬೋರ್‌ವೆಲ್ ನೀರು

ಗುಂಪು: ನಮ್ಮ ಮನೆಮಂದಿ

ಮಾವ (ಪಾವಗಡ): *ಫಾರ್ವರ್ಡ್ ಆಗಿದೆ* — ಆರ್‌ಒ ಕಾಲ ಮುಗಿಯಿತು!! ವಿಜ್ಞಾನಿಗಳ ಹೊಸ ಆವಿಷ್ಕಾರ. ಇದ್ದಿಲಿನ ಎರಡು ಹಾಳೆ, ಒಂದು ಟಾರ್ಚ್ ಸೆಲ್. ಅಷ್ಟರಲ್ಲೇ ಸಮುದ್ರದ ನೀರು ಸಿಹಿ ನೀರು! ಮೆಂಬ್ರೇನ್ (ಸೋಸುವ ಪೊರೆ) ಬೇಡ, ಒತ್ತಡ ಬೇಡ, ರಿಪೇರಿ ಇಲ್ಲವೇ ಇಲ್ಲ. ಎಲ್ಲರಿಗೂ ತಲುಪಿಸಿ.

ಮಾವ: ಎಲ್ಲರೂ ಓದಿ. ನಮ್ಮೂರಿನ ಶುದ್ಧ ನೀರಿನ ಘಟಕಕ್ಕೆ ಇದನ್ನೇ ಹಾಕಿಸೋಣ ಅಂತ ಮಾತಾಗಿದೆ. ಮಷೀನ್ ಮಾರೋರು ಬಂದು ಹೋದ್ರು. ಶುಕ್ರವಾರದೊಳಗೆ ಮುಂಗಡ ಕೊಟ್ರೆ ರಿಯಾಯಿತಿ ಅಂತೆ. ಹೊರಗಡೆ ಇರೋರು ಕೈಲಾದಷ್ಟು ಕಳಿಸಿ.

ಭಾವ: ಮಾವ, ಯಾರೂ ದುಡ್ಡು ಕಳಿಸೋದು ಬೇಡ. ಆರ್‌ಒ ಸರ್ವೀಸಲ್ಲೇ ಜೀವನ ಮಾಡ್ತಿರೋನು ನಾನು, ಇಂಥ ಮೆಸೇಜು ಎಷ್ಟು ನೋಡಿದೀನೋ. ಟಾರ್ಚ್ ಸೆಲ್ಲಲ್ಲಿ ಸಮುದ್ರದ ಉಪ್ಪು ಹೋಗೋದಾಗಿದ್ರೆ ಚೆನ್ನೈನವರು ಮಿಂಜೂರಲ್ಲಿ, ನೆಮ್ಮೇಲಿಯಲ್ಲಿ ಅಷ್ಟು ದೊಡ್ಡ ಆರ್‌ಒ ಸ್ಥಾವರ ಯಾಕೆ ಕಟ್ತಿದ್ರು? ಪೂರ್ತಿ ಸುಳ್ಳು. ಡಿಲೀಟ್ ಮಾಡಿಬಿಡಿ.

ಶಿಲ್ಪಾ: ಭಾವ, ಪೂರ್ತಿ ಸುಳ್ಳು ಅನ್ಬೇಡಿ. ನಾನು ಲ್ಯಾಬಲ್ಲಿ ದಿನಾ ಮಾಡೋ ಕೆಲಸಾನೇ ಅದು. ಸಮುದ್ರ ಅಂದಿದ್ದು ತಪ್ಪು, ಹೊಸದು ಅಂದಿದ್ದೂ ತಪ್ಪು. ಇದ್ದಿಲು ಉಪ್ಪು ಹಿಡಿಯುತ್ತೆ ಅನ್ನೋದು ಮಾತ್ರ ನಿಜ. 1960ರಲ್ಲೇ ಅಮೆರಿಕದ ಒಕ್ಲಹೋಮಾದಲ್ಲಿ ಬ್ಲೇರ್, ಮರ್ಫಿ ಅನ್ನೋರು ಮಾಡಿ ತೋರಿಸಿದ್ರು. 90ರ ದಶಕದಲ್ಲಿ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಜೋಸೆಫ್ ಫಾರ್ಮರ್ ತಂಡ ಕಾರ್ಬನ್ ಏರೋಜೆಲ್ (ತುಂಬಾ ಹಗುರ, ರಂಧ್ರ ತುಂಬಿದ ಇಂಗಾಲ) ಬಳಸಿ ಮುಂದಕ್ಕೆ ತಂತು. ನಮ್ಮಲ್ಲಿ ಐಐಟಿ ಮದ್ರಾಸಿನ ಪ್ರದೀಪ್ ಅವರ ಗುಂಪೂ ಇದರ ಮೇಲೆ ಕೆಲಸ ಮಾಡಿದೆ.

ಮಾವ: ಮತ್ತೆ ನಿಜಾನೇ ಆಯ್ತಲ್ಲಮ್ಮ! ಅಳಿಯಂದಿರು ತಮ್ಮ ವ್ಯಾಪಾರದ ಕಡೆಯಿಂದ ಮಾತಾಡ್ತಿದಾರೆ ಅಷ್ಟೆ.

ಭಾವ: ಮಾವ, ಆ ಮಾತು ಬೇಡ. ನಿಮ್ಮೂರಿನ ಘಟಕದಿಂದ ನನಗೆ ಒಂದು ರೂಪಾಯಿ ಬರಲ್ಲ.

ಚಿಕ್ಕಮ್ಮ: ಇಬ್ಬರೂ ಸ್ವಲ್ಪ ಸುಮ್ನಿರಿ. ಶಿಲ್ಪಾ, ನನಗೆ ಅರ್ಥ ಆಗೋ ಹಾಗೆ ಹೇಳು. ಇದ್ದಿಲಿಗೆ ಕರೆಂಟು ಕೊಟ್ರೆ ಉಪ್ಪು ಹೇಗೆ ಬರುತ್ತೆ?

ಶಿಲ್ಪಾ: ಚಿಕ್ಕಮ್ಮ, ಉಪ್ಪು ನೀರಲ್ಲಿ ಕರಗಿದಾಗ ಎರಡು ಭಾಗ ಆಗುತ್ತೆ. ಸೋಡಿಯಂ ಧನ, ಕ್ಲೋರೈಡ್ ಋಣ. ನಮ್ಮ ಎಲೆಕ್ಟ್ರೋಡ್ ಅಂದ್ರೆ ಗ್ರಾಫೈಟ್ ಹಾಳೆ ಮೇಲೆ ಬಳಿದಿರೋ ಆಕ್ಟಿವೇಟೆಡ್ ಕಾರ್ಬನ್, ಅಂದ್ರೆ ಸಣ್ಣ ಸಣ್ಣ ರಂಧ್ರ ತುಂಬಿದ ಇದ್ದಿಲು. ಕೈಗೆ ಕಪ್ಪು ಹತ್ತುತ್ತೆ. ಒಂದು ಗ್ರಾಂ ಇದ್ದಿಲಿನ ರಂಧ್ರಗಳ ಗೋಡೆಯನ್ನೆಲ್ಲ ಬಿಡಿಸಿ ಹಾಸಿದ್ರೆ ಸುಮಾರು 1000 ಚದರ ಮೀಟರ್ ಆಗುತ್ತೆ. ಅಂಥ ಎರಡು ಹಾಳೆ ಎದುರುಬದುರು, ಮಧ್ಯೆ ತೆಳು ಜಾಲರಿ, ಅದರೊಳಗೆ ನೀರು ಹರಿಯುತ್ತೆ. 1.2 ವೋಲ್ಟ್ ಕೊಟ್ಟಾಗ ಸೋಡಿಯಂ ಋಣ ಹಾಳೆಯ ರಂಧ್ರಕ್ಕೆ, ಕ್ಲೋರೈಡ್ ಧನ ಹಾಳೆಯ ರಂಧ್ರಕ್ಕೆ ಹೋಗಿ ಅಂಟಿಕೊಳ್ಳುತ್ತೆ. ಹೊರಗೆ ಬರೋ ನೀರಲ್ಲಿ ಉಪ್ಪೆಷ್ಟು ಅಂತ ತೋರಿಸೋ ಮೀಟರಿನ ರೀಡಿಂಗ್ ಇಳೀತಾ ಹೋಗುತ್ತೆ. ಸ್ವಲ್ಪ ಹೊತ್ತಿಗೆ ಇಳಿಯೋದು ನಿಲ್ಲುತ್ತೆ, ಮತ್ತೆ ಏರೋಕೆ ಶುರು. ಬಸ್ಸಲ್ಲಿ ಸೀಟು ತುಂಬಿದ ಹಾಗೆ, ಹತ್ತಿದೋರು ಇಳಿಯೋ ತನಕ ಬೇರೆಯೋರಿಗೆ ಜಾಗ ಇಲ್ಲ. ಆಗ ಎರಡು ವೈರನ್ನೂ ಒಂದಕ್ಕೊಂದು ಸೇರಿಸಿಬಿಡ್ತೀವಿ. ರೀಡಿಂಗ್ ಒಂದೇ ಸಲ ಮೇಲಕ್ಕೆ ಹಾರುತ್ತೆ, ಹಿಡಿದ ಉಪ್ಪೆಲ್ಲ ಸ್ವಲ್ಪವೇ ನೀರಲ್ಲಿ ತೊಳೆದು ಹೋಗುತ್ತೆ. ಆಮೇಲೆ ಮತ್ತೆ ಮೊದಲಿಂದ.

ಶಿಲ್ಪಾ: ಟಾರ್ಚ್ ಸೆಲ್ 1.5 ವೋಲ್ಟ್. ಅದನ್ನ ನೇರ ಕೊಡೋ ಹಾಗಿಲ್ಲ. 1.23 ದಾಟಿದ್ರೆ ನೀರೇ ಒಡೆಯೋಕೆ ದಾರಿ ಆಗುತ್ತೆ, ಧನ ಹಾಳೆಯ ಇದ್ದಿಲೂ ಬೇಗ ಹಾಳಾಗುತ್ತೆ.

ಹರೀಶ (ಮಸ್ಕತ್): ನಾವಿಲ್ಲಿ ಕುಡಿಯೋದೇ ಸಮುದ್ರದ ನೀರು ಶುದ್ಧ ಮಾಡಿದ್ದು. ಇಲ್ಲೇ ಯಾಕೆ ಇದನ್ನ ಹಾಕಿಲ್ಲ ಅಂತ ಕೇಳಬೇಕು ಅನ್ಕೊಂಡಿದ್ದೆ.

ಶಿಲ್ಪಾ: ಲೆಕ್ಕ ಹಾಕಿದ್ರೆ ಗೊತ್ತಾಗುತ್ತೆ ಹರೀಶಣ್ಣ. ಒಂದು ಗ್ರಾಂ ಇದ್ದಿಲು ಒಂದು ಸಲಕ್ಕೆ ಹಿಡಿಯೋದು ಹೆಚ್ಚುಕಮ್ಮಿ 10 ಮಿಲಿಗ್ರಾಂ ಉಪ್ಪು. ಸಮುದ್ರದ ನೀರಲ್ಲಿ ಲೀಟರಿಗೆ 35 ಗ್ರಾಂ ಇರುತ್ತೆ. 20 ಲೀಟರಿನ ಒಂದು ಕ್ಯಾನಲ್ಲಿ 700 ಗ್ರಾಂ. ಅದನ್ನ ಒಂದೇ ಸಲ ಹಿಡಿಯೋಕೆ 70 ಕೆಜಿ ಇದ್ದಿಲು ಬೇಕು! ಕರೆಂಟು ನೋಡಿದ್ರೂ ಅಷ್ಟೆ. ಏನೂ ಪೋಲಾಗದೆ, ಉಪ್ಪು ಬಿಡುವಾಗ ಕರೆಂಟು ವಾಪಸ್ಸೂ ಪಡೆಯದೆ ನಡೆದ್ರೆ ಸಾವಿರ ಲೀಟರಿಗೆ ಸುಮಾರು 19 ಯೂನಿಟ್. ದೊಡ್ಡ ಆರ್‌ಒ ಸ್ಥಾವರ 3-4 ಯೂನಿಟ್ಟಲ್ಲಿ ಮುಗಿಸುತ್ತೆ.

ಭಾವ: ನಾನು ಹೇಳಿದ್ದೂ ಅದೇ ತಾನೆ?

ಶಿಲ್ಪಾ: ಸಮುದ್ರಕ್ಕೆ ಹೌದು. ಊರಿನ ನೀರಿಗೆ ಅಲ್ಲ. ಬೋರ್‌ವೆಲ್ ನೀರು 1200 ಟಿಡಿಎಸ್ (ಲೀಟರಿಗೆ ಇಷ್ಟು ಮಿಲಿಗ್ರಾಂ ಲವಣ ಕರಗಿದೆ) ಅಂತ ಇಟ್ಕೊಳ್ಳಿ, 400ಕ್ಕೆ ಇಳಿಸಬೇಕು. ಒಂದು ಕ್ಯಾನಿಗೆ ತೆಗೆಯಬೇಕಾದ್ದು ಬರೀ 16 ಗ್ರಾಂ. ಒಂದೂವರೆ ಕೆಜಿ ಚಿಲ್ಲರೆ ಇದ್ದಿಲು ಸಾಕು, ಹತ್ತು ಸುತ್ತಲ್ಲಿ ಮಾಡಿದ್ರೆ 160 ಗ್ರಾಂ ಸಾಕು. ಉಪ್ಪು ಹಿಡಿಯೋಕೆ 10-15 ವ್ಯಾಟಿನ ಬಲ್ಬು ಒಂದು ಗಂಟೆ ಉರಿಯೋಷ್ಟು ಕರೆಂಟು. ಆರ್‌ಒ ಸಾವಿರ ಲೀಟರ್ ನೀರನ್ನ ಮೆಂಬ್ರೇನಿನಿಂದ ಹಿಂಡುತ್ತೆ, ಇದು ನೀರನ್ನ ಬಿಟ್ಟು ಉಪ್ಪನ್ನ ಎಳೆಯುತ್ತೆ. ಉಪ್ಪು ಕಡಿಮೆ ಇದ್ದಷ್ಟೂ ಇದಕ್ಕೆ ಲಾಭ.

ಭಾವ: ಕಾಗದದ ಮೇಲೆ. 2019ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಸವಳು ನೀರಿಗೂ ಆರ್‌ಒನೇ ಕಡಿಮೆ ಶಕ್ತಿ ತಿನ್ನುತ್ತೆ ಅಂತ ಬರೆದಿದ್ರಲ್ಲ. ನಮ್ಮ ಟ್ರೇನಿಂಗಲ್ಲಿ ಹೇಳಿದ್ರು.

ಶಿಲ್ಪಾ: ಬರೆದಿದ್ರು, ನಿಜ. ಆ ಹೋಲಿಕೆ ಸರಿಯಿಲ್ಲ ಅಂತ ಬೇರೆ ಸಂಶೋಧಕರು ಉತ್ತರಾನೂ ಬರೆದ್ರು, ಇನ್ನೂ ವಾದ ನಡೀತಿದೆ. ಆದ್ರೆ ಭಾವ, ಊರಲ್ಲಿ ನನಗೆ ಹೊಟ್ಟೆ ಉರಿಯೋದು ಕರೆಂಟು ಬಿಲ್ಲಿಗಲ್ಲ. ಘಟಕದ ಹಿಂದೆ ಹೋಗಿ ನೋಡಿ. ಪೈಪಿನ ಬಾಯಿ ಸುತ್ತ ಬೆಳ್ಳಗೆ ಉಪ್ಪು ಕಟ್ಟಿದೆ, ಇಡೀ ದಿನ ನೀರು ಚರಂಡಿಗೆ ಹರೀತಾ ಇರುತ್ತೆ. ಮುಂದೆ ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್ ಹಿಡಿಯೋ ಸಾಲು. ಸಾವಿರ ಅಡಿ ಕೊರೆದು ಎತ್ತಿದ ನೀರು ಅದು! ಇದ್ದಿಲಿನ ಪದ್ಧತಿ ಚೆನ್ನಾಗಿ ನಡೆಸಿದ್ರೆ ನೂರು ಲೀಟರಲ್ಲಿ 75-80 ಲೀಟರ್ ಕುಡಿಯೋಕೆ ಸಿಗುತ್ತೆ. ಮನೆ ಆರ್‌ಒನಲ್ಲಿ ಒಂದು ಲೀಟರಿಗೆ ಮೂರು ಲೀಟರ್ ಆಚೆ ಹೋಗೋದು ನಿಮಗೇ ಗೊತ್ತು.

ಮಾವ: ಇದು ಸರಿಯಾದ ಮಾತು. ಆ ಚರಂಡಿ ನೀರು ನೋಡಿ ನೋಡಿ ಸಾಕಾಗಿದೆ. ಆಚೆ ಬೀದಿ ಹೆಣ್ಣುಮಕ್ಕಳು ಅದನ್ನೇ ಬಿಂದಿಗೇಲಿ ಹಿಡಿದು ಪಾತ್ರೆ ತೊಳೀತಾರೆ.

ಭಾವ: ಪೋಲಾಗೋದು ನಾನೂ ಒಪ್ತೀನಿ. ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಆದೇಶ 2019ರಲ್ಲೇ ಬಂದಿದೆ, ಆರ್‌ಒ ನೂರಕ್ಕೆ 60 ಆದ್ರೂ ಉಳಿಸಿಕೊಡಬೇಕು ಅಂತ. ಸರಿಯಾಗಿ ಕೂರಿಸಿದ್ರೆ ಆರ್‌ಒನಲ್ಲೂ ಉಳಿಸಬಹುದು. ಆದ್ರೆ ಶಿಲ್ಪಾ, ನೀನು ಒಂದು ಮಾತು ಬಿಟ್ಟೆ. ಪಾವಗಡದ ನೀರಿನ ರೋಗ ಉಪ್ಪಲ್ಲ, ಹಲ್ಲು ಮೂಳೆ ಕೆಡಿಸೋ ಫ್ಲೋರೈಡು. ಅದನ್ನ ನಿನ್ನ ಇದ್ದಿಲು ಹಿಡಿಯುತ್ತಾ?

ಚಿಕ್ಕಮ್ಮ: ಹೌದು ನೋಡು. ಅಮ್ಮನ ಹಲ್ಲು ಚಿಕ್ಕಂದಿನಿಂದ ಕಂದು. ಈಗ ಮಂಡಿ ಮಡಿಸೋಕೇ ಆಗಲ್ಲ. ನೀರು ಕುದಿಸಿ ಕುಡಿದ್ರೆ ಹೋಗಲ್ವಾ?

ಶಿಲ್ಪಾ: ಇಲ್ಲ ಚಿಕ್ಕಮ್ಮ. ಕುದಿಸಿದ್ರೆ ನೀರು ಆವಿಯಾಗಿ ಫ್ಲೋರೈಡ್ ಪ್ರಮಾಣ ಇನ್ನೂ ಏರುತ್ತೆ. ದಯವಿಟ್ಟು ಅಜ್ಜಿಗೆ ಕುದಿಸಿದ ಬೋರ್ ನೀರು ಕೊಡಬೇಡಿ.

ಶಿಲ್ಪಾ: ಭಾವ, ನೀವು ಕೇಳಿದ್ದು ಸರಿಯಾಗಿದೆ, ಮಷೀನ್ ಮಾರೋರನ್ನ ಕೇಳಬೇಕಾದ್ದೂ ಅದನ್ನೇ. ಫ್ಲೋರೈಡಿಗೂ ಋಣ ಆವೇಶ ಇದೆ, ಹಾಗಾಗಿ ಇದ್ದಿಲು ಹಿಡಿಯುತ್ತೆ. ಆದ್ರೆ ಅದು ಲೀಟರಿಗೆ ಎರಡು ಮೂರು ಮಿಲಿಗ್ರಾಂ ಇದ್ರೆ ಕ್ಲೋರೈಡ್ ನೂರಾರು ಮಿಲಿಗ್ರಾಂ ಇರುತ್ತೆ. ಸುತ್ತ ನೀರಿನ ಅಣುಗಳನ್ನ ಬಿಗಿಯಾಗಿ ಹಿಡಿದುಕೊಂಡಿರೋ ಫ್ಲೋರೈಡ್ ಸಣ್ಣ ರಂಧ್ರಕ್ಕೆ ಹೋಗೋದರಲ್ಲಿ ಹಿಂದೆ ಬೀಳುತ್ತೆ. ನೈಟ್ರೇಟ್ ಆದ್ರೆ ಚೆನ್ನಾಗಿ ಹಿಡಿಯುತ್ತೆ. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5. ಟಿಡಿಎಸ್ ಇಳಿದಿದ್ದು ನೋಡಿ ಫ್ಲೋರೈಡೂ ಇಳಿದಿದೆ ಅಂತ ನಂಬೋ ಹಾಗಿಲ್ಲ. ಬ್ಯಾಕ್ಟೀರಿಯಾಗೆ ಯುವಿ (ಅತಿನೇರಳೆ) ದೀಪ ಬೇರೆ ಬೇಕು. ನೀರಲ್ಲಿ ಆವೇಶ ಇಲ್ಲದ ಕೀಟನಾಶಕ ಇದ್ರೆ ವೋಲ್ಟೇಜ್ ಅದನ್ನ ಎಳೆಯಲ್ಲ.

ಮಾವ: ರಿಪೇರಿನೇ ಇಲ್ಲ ಅಂದ್ರಲ್ಲಮ್ಮ ಅವರು?

ಶಿಲ್ಪಾ: ಇದೆ ಮಾವ. ಗಡಸು ನೀರಲ್ಲಿ ಋಣ ಹಾಳೆ ಮೇಲೆ ಸುಣ್ಣ ಕಟ್ಟುತ್ತೆ. ವರ್ಷಗಳು ಕಳೆದ ಹಾಗೆ ಧನ ಹಾಳೆ ಉಪ್ಪು ಹಿಡಿಯೋ ಶಕ್ತಿ ಕಳ್ಕೊಳ್ಳುತ್ತೆ. ಎಷ್ಟೋ ಮಷೀನಲ್ಲಿ ಹಾಳೆ ಮುಂದೆ ಒಂದೇ ಆವೇಶದ ಕಣಗಳನ್ನ ಮಾತ್ರ ಬಿಡೋ ಅಯಾನು ವಿನಿಮಯ ಮೆಂಬ್ರೇನೂ ಇರುತ್ತೆ, ಇಲ್ಲದಿದ್ರೆ ಒಂದಷ್ಟು ಕರೆಂಟು ದಂಡ. ಹಾಳೆ ಎಷ್ಟು ವರ್ಷ ಬರುತ್ತೆ, ಬದಲಾಯಿಸೋಕೆ ಎಷ್ಟು ಖರ್ಚು ಅಂತ ಬರೆದು ಕೊಡ್ಲಿ.

ಭಾವ: ನಾನಂತೂ ಆರ್‌ಒನೇ ಅಂತೀನಿ. ಫ್ಲೋರೈಡ್ ಊರಲ್ಲಿ ಅಜ್ಜಿ ಮೇಲೆ, ಶಾಲೆ ಮಕ್ಕಳ ಮೇಲೆ ಪ್ರಯೋಗ ಮಾಡೋದು ಬೇಡ.

ಶಿಲ್ಪಾ: ಪ್ರಯೋಗ ಮನುಷ್ಯರ ಮೇಲೆ ಬೇಡ, ನೀರಿನ ಮೇಲೆ ಆಗ್ಲಿ. ಒಂದು ಮಷೀನ್ ತಂದು ನಮ್ಮ ಬೋರ್ ನೀರನ್ನೇ ವಾರಗಟ್ಟಲೆ ಓಡಿಸಿ ತೋರಿಸ್ಲಿ, ಯಾರೂ ಕುಡಿಯೋದು ಬೇಡ. ಒಳಗೆ ಹೋದ ನೀರು, ಒಳ್ಳೆ ನೀರು, ಆಚೆ ಬಿಟ್ಟ ನೀರು, ಮೂರನ್ನೂ ಲ್ಯಾಬಿಗೆ ಕಳಿಸೋಣ. ಫ್ಲೋರೈಡ್ ಇಳಿದ್ರೆ ಮೊದಲು ದುಡ್ಡು ಹಾಕೋಳು ನಾನೇ. ಇಳಿಯದಿದ್ರೆ ಆರ್‌ಒನೇ ಇರಲಿ, ಪೋಲಾಗೋದನ್ನ ಭಾವ ಬಂದು ಕಡಿಮೆ ಮಾಡಿಕೊಡ್ಲಿ.

ಹರೀಶ (ಮಸ್ಕತ್): ಲ್ಯಾಬಿನ ಖರ್ಚು ನನ್ನದು.

ಮಾವ: ಶುಕ್ರವಾರದ ಮುಂಗಡ ಕೊಡಲ್ಲ ಅಂತ ಹೇಳ್ತೀನಿ. ಪಂಚಾಯ್ತಿಯೋರು ಏನಂತಾರೋ ನೋಡೋಣ. ಆದ್ರೆ ಆ ಚರಂಡಿ ನೀರು ಹೀಗೇ ಹರೀತಾ ಇರಲಿ ಅಂದ್ರೆ ನಾನು ಕೇಳಲ್ಲ ಅಳಿಯಂದಿರೇ.

ಭಾವ: ಮುಂದಿನ ಭಾನುವಾರ ಊರಿಗೆ ಬರ್ತೀನಿ ಮಾವ. ಘಟಕದ ವಾಲ್ವು, ಪ್ರೆಷರು ಎಲ್ಲ ನೋಡ್ತೀನಿ. ಈಗಿನ ಕಚ್ಚಾ ನೀರಿನ ರಿಪೋರ್ಟ್ ಇದೆಯಾ?

ಮಾವ: ಹಳೇದಿದೆ. ಹೊಸ ಬೋರ್ ಕೊರೆಸಿದ ಮೇಲೆ ಮಾಡಿಸಿಲ್ಲ. ನಾಳೆ ಹಿಡ್ಕೊಂಡು ಹೋಗ್ತೀನಿ. ಏನೇನು ಬರೆಸಲಿ?

ಶಿಲ್ಪಾ: ಟಿಡಿಎಸ್, ಫ್ಲೋರೈಡ್, ನೈಟ್ರೇಟ್, ಗಡಸುತನ, ಕ್ಲೋರೈಡ್, ಪಿಎಚ್. ಪ್ಲಾಸ್ಟಿಕ್ ಬಾಟಲೀಲೇ ಹಿಡೀರಿ ಮಾವ, ಫ್ಲೋರೈಡ್ ಪರೀಕ್ಷೆಗೆ ಗಾಜು ಬೇಡ. ಅದೇ ನೀರಲ್ಲಿ ಎರಡು ಮೂರು ಸಲ ತೊಳೆದು ಆಮೇಲೆ ತುಂಬಿಸಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಲ್ಯಾಬಿನೋರೇ ಬೇರೆ ಬಾಟಲಿ ಕೊಡ್ತಾರೆ, ಅದನ್ನ ತೊಳೀಬೇಡಿ, ಹಿಡಿದ ದಿನಾನೇ ತಲುಪಿಸಿ.

ಭಾವ: ಸಿಲಿಕಾ (ಮರಳಿನ ಅಂಶ) ಕೂಡ ಬರೆಸಿ.